ಮೊದಲು ಪೆಟ್ಟಿಗೆ, ಆಮೇಲೆ ಹಾವು: ಕಾರ್ನ್ ಸ್ನೇಕ್ ತರುವ ಮುಂಚಿನ ತಯಾರಿ

"ಒಂದು ಕಾರ್ನ್ ಸ್ನೇಕ್ ಮರಿ ನೋಡಿದ್ದೀವಿ, ಮುಂದಿನ ಶನಿವಾರ ತರ್ತೀವಿ. ಏನೇನು ಬೇಕು ಹೇಳಿ." ಇಂಗ್ಲೆಂಡ್, ಅಮೆರಿಕ, ಕೆನಡಾ ಕಡೆ ಇರುವ ಕನ್ನಡದ ಓದುಗರು ಪದೇಪದೇ ಕೇಳುವ ಪ್ರಶ್ನೆ ಇದು. ಕಾರ್ನ್ ಸ್ನೇಕ್ ಅಂದರೆ ಆ ದೇಶಗಳಲ್ಲಿ ಮನೆಯಲ್ಲಿ ಸಾಕುವ, ವಿಷವಿಲ್ಲದ ಒಂದು ಅಮೆರಿಕದ ಹಾವು. ಹೆಚ್ಚಿನವರ ಮನೆಯಲ್ಲಿ ಆಸೆ ಶುರುವಾಗುವುದು ಮಕ್ಕಳಿಂದ. ಶಾಲೆಗೆ ಯಾರೋ ಹಾವು ತಂದು ತೋರಿಸಿರುತ್ತಾರೆ, ಮಗು ಮುಟ್ಟಿ ನೋಡಿರುತ್ತದೆ, ಆಮೇಲೆ ಮನೆಯಲ್ಲಿ ಅದೇ ಜಪ.

ನನ್ನ ಉತ್ತರ ಪ್ರತಿ ಸಲವೂ ಒಂದೇ. ಮುಂದಿನ ಶನಿವಾರ ಬೇಡ. ಮೊದಲು ಹಾವು ಇರಬೇಕಾದ, ಒಳಗೆ ಬಿಸಿ ಕೊಡುವ ಪೆಟ್ಟಿಗೆ ತನ್ನಿ. ಅದನ್ನು ಖಾಲಿ ಇಟ್ಟೇ ಎರಡು ವಾರ ಓಡಿಸಿ. ಒಳಗಿನ ಬಿಸಿ ಹಗಲು ರಾತ್ರಿ ಒಂದು ಅಳತೆಯಲ್ಲಿ ನಿಂತಿದೆ ಅಂತ ಖಾತ್ರಿಯಾದ ಮೇಲೆ ಹಾವು ತನ್ನಿ. ಹಾವಿನ ಮೈ ತಾನಾಗಿ ಬಿಸಿ ಉಂಟುಮಾಡಿಕೊಳ್ಳುವುದಿಲ್ಲ. ಹೊರಗಿನ ಬಿಸಿಯನ್ನೇ ನೆಚ್ಚಿಕೊಂಡ ಜೀವ ಅದು. ತಿಂದದ್ದು ಅರಗುವುದು, ಕಾಯಿಲೆ ವಾಸಿಯಾಗುವುದು, ಪೊರೆ ಬಿಡುವುದು, ಎಲ್ಲವೂ ಆ ಬಿಸಿಯ ಮೇಲೆ ನಿಂತಿದೆ. ನಾಯಿಮರಿಗೆ ಚಳಿಯಾದರೆ ಕುಂಯ್ ಅನ್ನುತ್ತದೆ. ಹಾವು ಏನೂ ಅನ್ನುವುದಿಲ್ಲ. ಅದಕ್ಕೆ ತೊಂದರೆಯಾಗಿದೆ ಅಂತ ನಮಗೆ ಗೊತ್ತಾಗುವ ಹೊತ್ತಿಗೆ ತುಂಬಾ ದಿನ ಕಳೆದಿರುತ್ತದೆ.

ಭಾರತದಲ್ಲಿ ಇರುವವರು ಮೊದಲು ಇದನ್ನು ಓದಿ

ನಮ್ಮ ನೆಲದ ಯಾವ ಹಾವನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. ಕೇರೆ ಹಾವಾಗಲಿ, ಹೆಬ್ಬಾವಾಗಲಿ, ಜನ ಎರಡು ತಲೆ ಹಾವು ಅನ್ನುವ ಮಣ್ಣುಮುಕ್ಕ ಆಗಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವನ್ನು ಹಿಡಿಯುವುದನ್ನೂ ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ತಡೆಯುತ್ತದೆ. "ವಿಷ ಇಲ್ಲ, ತೋಟದಲ್ಲೇ ಸಿಕ್ಕಿತು, ಹಾಗಾಗಿ ಇಟ್ಕೊಂಡೆ" ಅನ್ನುವ ಮಾತು ನಡೆಯುವುದಿಲ್ಲ. ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆಗೋ ಊರಿನ ಹಾವು ಹಿಡಿಯುವವರಿಗೋ ಹೇಳಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ವಿದೇಶಿ ಹಾವುಗಳ ವಿಷಯವೂ ಸಲೀಸಲ್ಲ. ಸೈಟಿಸ್ ಅಂತ ಒಂದು ಅಂತಾರಾಷ್ಟ್ರೀಯ ಒಪ್ಪಂದ ಇದೆ. ಅಳಿವಿನ ಭಯ ಇರುವ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಪಟ್ಟಿ ಅದು. 2022ರ ತಿದ್ದುಪಡಿಯ ಮೂಲಕ ಆ ಪಟ್ಟಿ ನಮ್ಮ ಕಾಯ್ದೆಯೊಳಗೂ ಬಂತು. ಬಾಲ್ ಪೈಥಾನ್ ಅನ್ನುವ ಆಫ್ರಿಕಾದ ಚಿಕ್ಕ ಹೆಬ್ಬಾವು ಈ ಪಟ್ಟಿಯಲ್ಲಿದೆ. ಅಂಥ ಪ್ರಾಣಿ ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ, ನಿಜ. ಆದರೆ ಹೊರದೇಶದಿಂದ ಬಂದ ಜೀವಂತ ಪ್ರಾಣಿ ಅಂದಮೇಲೆ ಆಮದು ಪರವಾನಗಿ ಇರಬೇಕು, ಕ್ವಾರಂಟೈನ್ ಆಗಿರಬೇಕು. ಮಾರುವವನ ಹತ್ತಿರ ಈ ಕಾಗದ ಇಲ್ಲದಿದ್ದರೆ ಆ ಹಾವು ಕಳ್ಳಸಾಗಣೆಯ ಮಾಲು ಆಗಿರುವ ಸಾಧ್ಯತೆಯೇ ಜಾಸ್ತಿ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ 70ಕ್ಕೂ ಹೆಚ್ಚು ಹಾವುಗಳು ಸಿಕ್ಕಿದ್ದವು. ಹೆಚ್ಚಿನವು ಬಾಲ್ ಪೈಥಾನ್. ಅದೇ ಲಗೇಜಿನಲ್ಲಿದ್ದ ಕೋತಿಗಳು ದಾರಿಯಲ್ಲೇ ಸತ್ತಿದ್ದವು. ವಾಟ್ಸಾಪಿನಲ್ಲಿ ಫೋಟೋ ಕಳಿಸಿ "ಮನೆಗೇ ತಂದುಕೊಡ್ತೀವಿ" ಅನ್ನುವವರ ಹಾವು ಎಂಥ ದಾರಿಯಲ್ಲಿ ಬಂದಿರಬಹುದು ಅಂತ ಇದರಿಂದ ಅಂದಾಜು ಮಾಡಿ. ಕಾಗದ ಇಲ್ಲದ ಹಾವನ್ನು ಕೊಳ್ಳಬೇಡಿ. "ಪಾಪ, ಕಾಪಾಡೋಣ" ಅಂತ ಕೊಂಡರೂ ನೀವು ಕೊಟ್ಟ ದುಡ್ಡಿನಲ್ಲಿ ಅವರು ಇನ್ನೊಂದು ತರಿಸುತ್ತಾರೆ.

ಇಲ್ಲಿಂದ ಮುಂದೆ ಬರೆದಿರುವುದು ಕಾನೂನು ಒಪ್ಪುವ ದೇಶಗಳಲ್ಲಿ ಇರುವವರಿಗೆ.

1. ನೀವಿರುವ ಕಡೆ ಕಾನೂನು ಏನನ್ನುತ್ತದೆ ನೋಡಿ

ಬ್ರಿಟನ್ನಿನಲ್ಲಿ ಕಾರ್ನ್ ಸ್ನೇಕ್ ಸಾಕಲು ಲೈಸೆನ್ಸ್ ಬೇಡ. ಆದರೆ 16 ವರ್ಷ ತುಂಬದವರಿಗೆ ಪ್ರಾಣಿ ಮಾರುವ ಹಾಗಿಲ್ಲ. ಹಾವು ಮಗನದ್ದೇ ಆದರೂ ಹೊಣೆ ನಿಮ್ಮದು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ರೀತಿ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಜಾರ್ಜಿಯಾದಲ್ಲಿ ಅಲ್ಲಿನ ಕಾಡಿನ ವಿಷವಿಲ್ಲದ ಹಾವುಗಳಿಗೆ ರಕ್ಷಣೆ ಇದೆ, ಕಾರ್ನ್ ಸ್ನೇಕ್ ಅಲ್ಲಿನದೇ ಹಾವು, ಹಾಗಾಗಿ ಅಟ್ಲಾಂಟಾದಲ್ಲಿರುವವರು ಈ ಆಸೆ ಬಿಡಬೇಕು. ಆಸ್ಟ್ರೇಲಿಯಾದಲ್ಲಿ ಕಾರ್ನ್ ಸ್ನೇಕ್ ನಿಷಿದ್ಧ. ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಅಲ್ಲಿನದೇ ಪೈಥಾನ್ ಜಾತಿಗಳನ್ನು ಸಾಕುತ್ತಾರೆ. ನ್ಯೂಜಿಲೆಂಡಿನಲ್ಲಿ ನೆಲದ ಮೇಲಿನ ಹಾವೇ ಇಲ್ಲ, ತರುವುದಕ್ಕೂ ಬಿಡುವುದಿಲ್ಲ.

ಬಾಡಿಗೆ ಮನೆಯಾದರೆ ಕರಾರು ಪತ್ರವನ್ನೂ ತೆಗೆದು ಓದಿ. ಮನೆ ಮಾಲೀಕರ ಒಪ್ಪಿಗೆ ಇಮೇಲಿನಲ್ಲಿ ಇರಲಿ. ಬಾಯಿಮಾತು ಸಾಲದು.

2. ಮನೆಯವರ ಜೊತೆ ಕೂತು ಮಾತಾಡಿ

ಇದನ್ನು ಬಹಳ ಜನ ಹಾರಿಸಿಬಿಡುತ್ತಾರೆ. ನಮ್ಮ ಮನೆಗಳಲ್ಲಿ ಮುಂದೆ ಜಗಳ ಏಳುವುದು ಇಲ್ಲೇ.

ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬದುಕುತ್ತದೆ. ಹತ್ತು ವರ್ಷದ ಮಗನಿಗೆ ಇವತ್ತು ತಂದ ಹಾವು ಅವನು ಕಾಲೇಜಿಗೆ ಹೋದಾಗ ನಿಮ್ಮ ಮನೆಯಲ್ಲೇ ಇರುತ್ತದೆ. ಅವನ ಆಸಕ್ತಿ ಬೇರೆ ಕಡೆ ತಿರುಗಿದರೂ ಇಲಿ ಕರಗಿಸಿ ಹಾಕುವವರು ನೀವೇ. ನಿಮಗೆ ಅದು ಒಪ್ಪಿಗೆಯಾ?

ಇಲಿ ಅಂದೆ. ಹಾವು ಇಲಿಯನ್ನೇ ತಿನ್ನುತ್ತದೆ, ಬೇರೆ ದಾರಿ ಇಲ್ಲ. ಹಾಲು ಹಾವಿನ ಆಹಾರ ಅಲ್ಲ, ಅದರ ಹೊಟ್ಟೆಗೆ ಒಗ್ಗುವುದೂ ಇಲ್ಲ. ಅನ್ನ, ತರಕಾರಿ, ಮೊಟ್ಟೆಯಿಂದಲೂ ಅದನ್ನು ಸಾಕಲಾಗದು. ಸತ್ತ ಇಲಿಗಳನ್ನು ಹೆಪ್ಪುಗಟ್ಟಿಸಿ ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ, ಅದು ಫ್ರೀಜರಿನಲ್ಲಿ ಇರಬೇಕು. ಸಸ್ಯಾಹಾರಿ ಮನೆಯಾದರೆ ಈ ಮಾತನ್ನು ಮೊದಲ ದಿನವೇ ಬಿಚ್ಚಿ ಹೇಳಿ. ಅಡುಗೆಮನೆಯ ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ಟಿನ ಕೆಳಗೆ ಬಚ್ಚಿಡುವ ಉಪಾಯ ಬೇಡವೇ ಬೇಡ. ಗ್ಯಾರೇಜಿನಲ್ಲೋ ಸ್ಟೋರ್ ರೂಮಿನಲ್ಲೋ ಒಂದು ಪುಟ್ಟ ಫ್ರೀಜರ್ ಇಟ್ಟರೆ ಎಲ್ಲರಿಗೂ ನೆಮ್ಮದಿ, ಆರೋಗ್ಯದ ದೃಷ್ಟಿಯಿಂದಲೂ ಅದೇ ಒಳ್ಳೆಯದು. ಮನೆಯಲ್ಲಿ ಒಬ್ಬರಿಗೆ ಇದು ನಿಜವಾಗಿಯೂ ಸಹಿಸಲಾಗದು ಅನಿಸಿದರೆ ಹಾವು ತರಬೇಡಿ. ಅವರನ್ನು ಒಪ್ಪಿಸಿದ ಹಾಗೆ ಮಾಡಿ ತಂದರೆ ಕೊನೆಗೆ ಹಾವೇ ಮನೆಯಿಂದ ಮನೆಗೆ ಅಲೆಯುವ ಹಾಗಾಗುತ್ತದೆ.

ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವುದು ಉಂಟಲ್ಲ, ಅದನ್ನೂ ಲೆಕ್ಕಕ್ಕೆ ತನ್ನಿ. ಅವರಿಗೆ ಫೋನಿನಲ್ಲೇ ಮುಂಚಿತವಾಗಿ ಹೇಳಿ. ಪೆಟ್ಟಿಗೆಯನ್ನು ಅವರು ಮಲಗುವ ಕೋಣೆಯಲ್ಲಿ, ದೇವರ ಕೋಣೆಯ ಪಕ್ಕದಲ್ಲಿ ಇಡಬೇಡಿ. ಇನ್ನು ಆರೋಗ್ಯದ ಮಾತು: ಹಾವು, ಹಲ್ಲಿ, ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ನೋಡಲು ಹಾವು ಚೆನ್ನಾಗಿಯೇ ಇರುತ್ತದೆ, ಆದರೆ ಮನುಷ್ಯರಿಗೆ ಭೇದಿ, ಜ್ವರ ಬರಬಹುದು. 5 ವರ್ಷದೊಳಗಿನ ಮಕ್ಕಳು, 65 ದಾಟಿದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಇರುವ ಮನೆಗೆ ಇಂಥ ಪ್ರಾಣಿ ಬೇಡ ಅಂತ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಮನೆಯಲ್ಲಿ ಹಸುಗೂಸು ಇದ್ದರೆ ಕೆಲವು ವರ್ಷ ಕಾಯಿರಿ.

ಊರಿಗೆ ಹೋಗುವ ರಜೆಯ ಪ್ರಶ್ನೆಯೂ ಇದೆ. ದೊಡ್ಡ ಹಾವು ಎರಡು ವಾರ ಊಟ ಇಲ್ಲದೆ ಆರಾಮಾಗಿ ಇರಬಲ್ಲದು. ಆದರೆ ನೀರು ಬದಲಿಸಲು, ಬಿಸಿ ನೋಡಲು ಯಾರಾದರೂ ಬರಲೇಬೇಕು. ಹಾವು ಅಂದರೆ ಓಡಿಹೋಗದ ಒಬ್ಬ ಸ್ನೇಹಿತರನ್ನು ಈಗಲೇ ಗೊತ್ತುಮಾಡಿಕೊಳ್ಳಿ.

3. ಯಾಕೆ ಕಾರ್ನ್ ಸ್ನೇಕ್?

ಇದು ಅಮೆರಿಕದ ಆಗ್ನೇಯ ಭಾಗದ ಹಾವು. ವಿಷ ಇಲ್ಲ. ಬೇಟೆಯನ್ನು ಸುತ್ತಿ ಒತ್ತಿ ಕೊಲ್ಲುವ ಜಾತಿ. ಬೆಳೆದರೆ ಮೂರರಿಂದ ಐದು ಅಡಿ, ಮೈ ಸಣ್ಣ, ಸ್ವಭಾವ ಸೌಮ್ಯ. ಊಟದ ವಿಷಯದಲ್ಲಿ ಹಟ ಕಡಿಮೆ, ಹೊಸಬರಿಗೆ ಇದೇ ದೊಡ್ಡ ಅನುಕೂಲ. ಬಾಲ್ ಪೈಥಾನ್ ನೋಡಲು ಮುದ್ದಾಗಿದೆ, ಆದರೆ ಅದು ತಿಂಗಳುಗಟ್ಟಲೆ ಉಪವಾಸ ಕೂರುವುದು ಸಾಮಾನ್ಯ. ಮೊದಲ ಸಲ ಸಾಕುವವರಿಗೆ ಆ ಆತಂಕ ಬೇಡ.

ಬಣ್ಣ ನೋಡಿ ಮರುಳಾಗಬೇಡಿ. ಮಾರ್ಫ್ ಅಂದರೆ ಆರಿಸಿ ಮರಿಮಾಡಿಸಿ ಬರಿಸಿದ ಬೇರೆ ಬೇರೆ ಬಣ್ಣ, ವಿನ್ಯಾಸ. ಬೆಲೆ ಏರುವುದು ಅದರಿಂದ, ಆರೋಗ್ಯದಿಂದಲ್ಲ.

4. ಪೆಟ್ಟಿಗೆ

ಸಾಕುವವರು ಇದನ್ನು ವಿವೇರಿಯಂ ಅನ್ನುತ್ತಾರೆ. ಬೆಳೆದ ಹಾವಿಗೆ 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ ಇರಲಿ, ಅಂದರೆ ನಾಲ್ಕು, ಎರಡು, ಎರಡು ಅಡಿ. ಹಾವು ಮೈಯನ್ನು ನೆಟ್ಟಗೆ ಚಾಚಲು ಜಾಗ ಬೇಕು. ಸುತ್ತಿಕೊಂಡು ಒಂದು ಮೂಲೆಯಲ್ಲಿ ಕೂತಿರುತ್ತದೆ, ಅದಕ್ಕೆ ಜಾಗ ಯಾಕೆ ಅನ್ನುವ ಮಾತು ಹಳೆಯದು. ರಾತ್ರಿ ದೀಪ ಆರಿದ ಮೇಲೆ ನೋಡಿ, ಅದು ಕೊಂಬೆ ಹತ್ತುತ್ತದೆ, ಮೂಲೆಮೂಲೆ ಮೂಸುತ್ತದೆ.

ಮರಿಗೆ ಇಷ್ಟು ದೊಡ್ಡದು ಬೇಕಾ ಅಂತ ಕೇಳುತ್ತಾರೆ. ಒಳಗೆ ಅಡಗಲು ಸಾಕಷ್ಟು ಸಾಮಾನು ತುಂಬಿದ್ದರೆ ಮರಿಯೂ ದೊಡ್ಡದರಲ್ಲಿ ಇರಬಲ್ಲದು. ಆದರೆ ತೊಂದರೆ ಬೇರೆ ಇದೆ. ಈಗಷ್ಟೇ ಮೊಟ್ಟೆ ಒಡೆದ ಮರಿ ಪೆನ್ಸಿಲ್ ದಪ್ಪ. ಮುಂದೆ ಎರಡು ಗಾಜು ಒಂದರ ಮೇಲೊಂದು ಸರಿಯುವ ಪೆಟ್ಟಿಗೆ ಇರುತ್ತದಲ್ಲ, ಆ ಗಾಜುಗಳ ನಡುವಿನ ಸಂದಿನಲ್ಲೇ ಅದು ನುಸುಳಿ ಹೋಗುತ್ತದೆ. ವೈರ್ ಒಳಗೆ ಹೋಗುವ ತೂತಿನಲ್ಲೂ ಹೋಗುತ್ತದೆ. ತಲೆ ಹಿಡಿಸುವ ಜಾಗದಲ್ಲಿ ಮೈ ಹಿಡಿಸುತ್ತದೆ ಅನ್ನುವುದನ್ನು ನೆನಪಿಡಿ. ಹಾಗಾಗಿ ಮೊದಲ ವರ್ಷಕ್ಕೆ ಮುಚ್ಚಳ ಬಿಗಿಯಾಗಿ ಕೂರುವ, ಗಾಳಿ ತೂತಿರುವ ಚಿಕ್ಕ ಪೆಟ್ಟಿಗೆ ಕೊಳ್ಳುವುದೇ ಸುಲಭ. ದೊಡ್ಡದನ್ನೇ ಕೊಳ್ಳುತ್ತೀರಾದರೆ ಪ್ರತಿ ಸಂದಿಗೂ ಪಟ್ಟಿ ಹಾಕಿ ಮುಚ್ಚಿ, ಗಾಜಿಗೆ ಬೀಗ ಹಾಕಿ. ಅಂಟು ಟೇಪನ್ನು ಮಾತ್ರ ಒಳಗೆಲ್ಲೂ ಬಳಸಬೇಡಿ. ಹಾವಿನ ಮೈಗೆ ಅಂಟಿಕೊಂಡರೆ ಬಿಡಿಸುವಾಗ ಚರ್ಮ ಕಿತ್ತುಬರುತ್ತದೆ.

ಕಿಟಕಿಯ ಬಿಸಿಲು ನೇರ ಬೀಳುವ ಕಡೆ ಪೆಟ್ಟಿಗೆ ಇಡಬೇಡಿ. ಗಾಜಿನೊಳಗೆ ಬಿಸಿಲು ಸಿಕ್ಕಿಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಹಾವಿನ ಪ್ರಾಣಕ್ಕೆ ಕುತ್ತು. ರೇಡಿಯೇಟರ್ ಪಕ್ಕವೂ ಬೇಡ.

5. ಬಿಸಿ: ಇಲ್ಲಿ ನಿಧಾನವಾಗಿ ಓದಿ

ಪೆಟ್ಟಿಗೆ ಪೂರ್ತಿ ಒಂದೇ ಬಿಸಿ ಇರಬಾರದು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಣ್ಣಗೆ. ಹಾವು ತನಗೆ ಬೇಕಾದ ಕಡೆ ಹೋಗಿ ಕೂರುತ್ತದೆ. ಬೆಚ್ಚನೆಯ ತುದಿಯಲ್ಲಿ, ಅದು ಮೈ ಕಾಯಿಸುವ ಜಾಗದಲ್ಲಿ 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಲಿ. ಅಮೆರಿಕದ ಲೆಕ್ಕದಲ್ಲಿ 86ರಿಂದ 90 ಡಿಗ್ರಿ ಫ್ಯಾರನ್‌ಹೀಟ್. ತಣ್ಣನೆಯ ತುದಿಯಲ್ಲಿ 22ರಿಂದ 24, ಅಂದರೆ 72ರಿಂದ 75 ಫ್ಯಾರನ್‌ಹೀಟ್. ರಾತ್ರಿ ದೀಪ ಆರಿದಾಗ ಎಲ್ಲ ಕಡೆ ಸ್ವಲ್ಪ ಇಳಿದು 20ರ ಸುಮಾರಿಗೆ ಬಂದರೆ ಅಡ್ಡಿಯಿಲ್ಲ.

ಬಿಸಿ ಕೊಡಲು ಹಲವು ಸಾಧನ ಇವೆ. ಮೇಲಿನಿಂದ ಬಿಸಿ ಬೀರುವ ಹ್ಯಾಲೊಜನ್ ಬಲ್ಬ್ ಸೂರ್ಯನ ಬಿಸಿಗೆ ಹತ್ತಿರ, ಹಗಲಿಗೆ ಅದು ಒಳ್ಳೆಯದು. ಸೆರಾಮಿಕ್ ಹೀಟರ್ ಬೆಳಕು ಕೊಡುವುದಿಲ್ಲ, ಬರೀ ಬಿಸಿ, ಚಳಿ ಜಾಸ್ತಿ ಇರುವ ಮನೆಯಲ್ಲಿ ರಾತ್ರಿಗೆ ಬೇಕಾಗುತ್ತದೆ. ಹೀಟ್ ಮ್ಯಾಟ್ ಅಂದರೆ ಪೆಟ್ಟಿಗೆಯ ತಳಕ್ಕೋ ಗೋಡೆಗೋ ಇಡುವ ತೆಳುವಾದ ಬಿಸಿ ಹಾಳೆ. ಚಿಕ್ಕ ಪೆಟ್ಟಿಗೆಗೆ ಅದು ಸಾಕು. ಹೀಟ್ ರಾಕ್ ಅನ್ನುವ, ಒಳಗೆ ವೈರ್ ಇರುವ ನಕಲಿ ಕಲ್ಲನ್ನು ಮಾತ್ರ ಮುಟ್ಟಬೇಡಿ. ಅದು ಒಂದೊಂದು ಕಡೆ ಒಂದೊಂದು ರೀತಿ ಕಾಯುತ್ತದೆ. ಹಾವು ಕಾದ ಜಾಗದಿಂದ ನಾವು ಅಂದುಕೊಂಡಷ್ಟು ಬೇಗ ಸರಿಯುವುದಿಲ್ಲ, ಹೊಟ್ಟೆ ಸುಟ್ಟುಕೊಂಡು ಅಲ್ಲೇ ಮಲಗಿರುತ್ತದೆ.

ಯಾವ ಸಾಧನವೇ ಆಗಲಿ, ಥರ್ಮೋಸ್ಟಾಟ್ ಇಲ್ಲದೆ ಒಂದು ಗಂಟೆಯೂ ಓಡಿಸಬೇಡಿ. ಬಿಸಿ ನೀವಿಟ್ಟ ಅಳತೆ ಮುಟ್ಟಿದಾಗ ತಾನೇ ಕರೆಂಟ್ ತಗ್ಗಿಸುವ ಅಥವಾ ಕಡಿಯುವ ಸಾಧನ ಅದು. ಇದರಲ್ಲೂ ಬಗೆ ಇದೆ. ಮ್ಯಾಟಿಗೆ ಆನ್ ಆಫ್ ಮಾಡುವ ಸಾದಾ ಥರ್ಮೋಸ್ಟಾಟ್ ನಡೆಯುತ್ತದೆ. ಬಲ್ಬಿಗೆ ಡಿಮ್ಮಿಂಗ್, ಅಂದರೆ ನಿಧಾನಕ್ಕೆ ತಗ್ಗಿಸಿ ಏರಿಸುವ ಬಗೆಯದು ಬೇಕು, ಇಲ್ಲದಿದ್ದರೆ ಬಲ್ಬ್ ದಿನವಿಡೀ ಹತ್ತಿ ಆರಿ ಬೇಗ ಸುಟ್ಟುಹೋಗುತ್ತದೆ, ಹಾವಿಗೂ ಕಿರಿಕಿರಿ. ಸೆರಾಮಿಕ್‌ಗೆ ಪಲ್ಸ್, ಅಂದರೆ ಕರೆಂಟನ್ನು ಬಿಟ್ಟು ಬಿಟ್ಟು ಮಿಡಿತದ ಹಾಗೆ ಕೊಡುವ ಬಗೆಯದು. ಅಂಗಡಿಯವರು "ಈ ಮ್ಯಾಟ್ ಕಡಿಮೆ ವಾಟ್, ಥರ್ಮೋಸ್ಟಾಟ್ ಬೇಕಾಗಿಲ್ಲ" ಅಂದರೆ ಕೇಳಬೇಡಿ. ಬಲ್ಬಿನ ಸುತ್ತ ಲೋಹದ ಜಾಲರಿ ಹಾಕಿ. ಕಾರ್ನ್ ಸ್ನೇಕ್ ಬಲ್ಬಿಗೂ ಸುತ್ತಿಕೊಳ್ಳುತ್ತದೆ.

ಈಗ ಅಳೆಯುವ ಬಗೆ. ಗಾಜಿಗೆ ಅಂಟಿಸುವ ಮುಳ್ಳಿನ ಗಡಿಯಾರದ ಥರದ ಥರ್ಮಾಮೀಟರ್ ಅಗ್ಗ, ಆದರೆ ನಂಬುವ ಹಾಗಿಲ್ಲ. ವೈರಿನ ತುದಿಯಲ್ಲಿ ಪ್ರೋಬ್, ಅಂದರೆ ಬಿಸಿ ಗ್ರಹಿಸುವ ಪುಟ್ಟ ಮೊನೆ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು ಕೊಳ್ಳಿ, ಒಂದೊಂದು ತುದಿಗೆ ಒಂದು. ಪ್ರೋಬ್ ಹಾವು ಕೂರುವ ಮಟ್ಟದಲ್ಲಿರಲಿ, ಮೇಲೆ ಗಾಳಿಯಲ್ಲಿ ತೂಗಾಡುತ್ತಿದ್ದರೆ ಅದು ಹೇಳುವ ಲೆಕ್ಕ ಹಾವಿಗೆ ಸಂಬಂಧಿಸಿದ್ದಲ್ಲ. ಗುರಿಯಿಟ್ಟು ಒತ್ತಿದರೆ, ಹಾವು ಮೈ ಕಾಯಿಸಲೆಂದು ಬಲ್ಬಿನ ಕೆಳಗೆ ಇಟ್ಟ ಸಾದಾ ಕಲ್ಲಿನ ಮೇಲ್ಮೈ ಬಿಸಿ ತೋರಿಸುವ ಇನ್‌ಫ್ರಾರೆಡ್ ಗನ್ ಒಂದಿದ್ದರೆ ಇನ್ನೂ ಒಳ್ಳೆಯದು. ಥರ್ಮೋಸ್ಟಾಟಿನ ಪ್ರೋಬನ್ನು ಅಲುಗದ ಹಾಗೆ ಬಿಗಿಯಿರಿ. ಹಾವು ಅದನ್ನು ತಳ್ಳಿ ನೀರಿನ ಬಟ್ಟಲಿಗೆ ಹಾಕಿತು ಅಂದುಕೊಳ್ಳಿ. ಪ್ರೋಬಿಗೆ ತಣ್ಣಗಿದೆ, ಥರ್ಮೋಸ್ಟಾಟ್ ಬಿಸಿ ಏರಿಸುತ್ತಲೇ ಹೋಗುತ್ತದೆ. ಹಾವುಗಳು ಬೆಂದುಹೋಗುವುದು ಹೀಗೆ.

ಬೆಳಕು ದಿನಕ್ಕೆ 12 ಗಂಟೆ, ಟೈಮರ್ ಹಾಕಿಬಿಡಿ. ಕಡಿಮೆ ಪ್ರಮಾಣದ ಯುವಿಬಿ ದೀಪ ಹಾಕಿದರೆ ಒಳ್ಳೆಯದೇ. ಅದು ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ದೀಪ. ರಾತ್ರಿಗೆ ಕೆಂಪು, ನೀಲಿ ಬಲ್ಬ್ ಬೇಡ. ರಾತ್ರಿ ಅಂದರೆ ಕತ್ತಲೆ.

6. ಒಳಗಿನ ಸಾಮಾನು

ಹೈಡ್ ಅಂದರೆ ಹಾವು ಅಡಗಿ ಕೂರುವ ಗೂಡು. ಕನಿಷ್ಠ ಎರಡು ಬೇಕು, ಬೆಚ್ಚನೆಯ ತುದಿಗೊಂದು, ತಣ್ಣನೆಯ ತುದಿಗೊಂದು. ಒಂದೇ ಇಟ್ಟರೆ ಹಾವು ಬಿಸಿ ಬೇಕೋ ಅಡಗು ಬೇಕೋ ಅಂತ ಆರಿಸಬೇಕಾಗುತ್ತದೆ. ಹೆದರಿದ ಹಾವು ಯಾವಾಗಲೂ ಅಡಗುವುದನ್ನೇ ಆರಿಸುತ್ತದೆ, ಬಿಸಿ ಸಿಗದೆ ತಿಂದದ್ದು ಅರಗುವುದಿಲ್ಲ. ಗೂಡು ದೊಡ್ಡದಿರಬಾರದು. ಸುತ್ತಿಕೊಂಡಾಗ ಮೈ ಮೂರು ಕಡೆ ತಗಲುವಷ್ಟು ಇಕ್ಕಟ್ಟಾಗಿದ್ದರೆ ಅದಕ್ಕೆ ಧೈರ್ಯ. ಐಸ್‌ಕ್ರೀಮ್ ಡಬ್ಬಿಗೆ ನುಣ್ಣಗೆ ಅಂಚು ಸವರಿ ತೂತು ಮಾಡಿದರೂ ಆಗುತ್ತದೆ, ದುಬಾರಿಯದೇ ಬೇಕಿಲ್ಲ. ಮೂರನೆಯ ಡಬ್ಬಿಯಲ್ಲಿ ಒದ್ದೆ ಪಾಚಿ (ಅಂಗಡಿಯಲ್ಲಿ ಸ್ಫ್ಯಾಗ್ನಮ್ ಮಾಸ್ ಅಂತ ಸಿಗುವುದು) ತುಂಬಿಡಿ, ಪೊರೆ ಬಿಡುವಾಗ ಹಾವು ಅದರೊಳಗೆ ಹೋಗುತ್ತದೆ.

ತಳಕ್ಕೆ ಹಾಸು ಬೇಕು. ಆಸ್ಪೆನ್ ಮರದ ಚೂರು ಅಥವಾ ತೆಂಗಿನ ನಾರಿನ ಪುಡಿ, ಅರ್ಧ ಗೇಣಿನಷ್ಟು ದಪ್ಪ. ಕಾರ್ನ್ ಸ್ನೇಕ್‌ಗೆ ಹಾಸಿನೊಳಗೆ ಕೊರೆದುಕೊಂಡು ಹೋಗುವುದೆಂದರೆ ಇಷ್ಟ. ಸೀಡರ್, ಪೈನ್ ಮರದ ಚೂರು ತರಬೇಡಿ, ಅವುಗಳ ಎಣ್ಣೆಯ ಘಾಟು ಹಾವಿನ ಶ್ವಾಸಕ್ಕೆ ಕೆಟ್ಟದ್ದು. ಮರಳೂ ಬೇಡ.

ಹಾವು ಇಡೀ ಮೈ ಮುಳುಗಿಸುವಷ್ಟು ಅಗಲದ, ಮಗುಚದ ಭಾರದ ನೀರಿನ ಬಟ್ಟಲು. ನೀರು ದಿನಾ ಬದಲಿಸಿ. ತೇವಾಂಶ 40ರಿಂದ 60 ಪ್ರತಿಶತ ಸಾಕು. ಒಂದೆರಡು ಗಟ್ಟಿ ಕೊಂಬೆ, ಮರೆಯಾಗಲು ಪ್ಲಾಸ್ಟಿಕ್ ಎಲೆಬಳ್ಳಿ. ಹಿತ್ತಲಿನಿಂದ ಕೊಂಬೆ ತಂದರೆ ಬಿಸಿನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿ.

7. ಎರಡು ವಾರ ಖಾಲಿ ಓಡಿಸಿ

ಎಲ್ಲ ಜೋಡಿಸಿ, ಟೈಮರ್ ಹಾಕಿ, ಹಾವು ಇದೆ ಅಂತಲೇ ನಡೆದುಕೊಳ್ಳಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎರಡೂ ತುದಿಯ ಬಿಸಿಯನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಮೊದಲ ದಿನಗಳಲ್ಲಿ ಲೆಕ್ಕ ಏರುಪೇರಾಗುವುದು ಸಹಜ. ಬಲ್ಬನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿ, ಕಲ್ಲನ್ನು ಸರಿಸಿ, ಥರ್ಮೋಸ್ಟಾಟ್ ಒಂದೆರಡು ಡಿಗ್ರಿ ತಿರುಗಿಸಿ, ಮತ್ತೆ ಬರೆಯಿರಿ. ಮನೆಯ ಹೀಟಿಂಗ್ ಆರಿಸಿದ ರಾತ್ರಿ ಏನಾಗುತ್ತದೆ, ಬಿಸಿಲು ಜೋರಿದ್ದ ಮಧ್ಯಾಹ್ನ ಏನಾಗುತ್ತದೆ, ಎರಡನ್ನೂ ನೋಡಿ. ಒಂದು ವಾರ ಪೂರ್ತಿ ನೀವು ಏನನ್ನೂ ಮುಟ್ಟದೆ ಲೆಕ್ಕ ಸರಿಯಾಗಿ ನಿಂತರೆ ಪೆಟ್ಟಿಗೆ ಸಿದ್ಧ. ನಿಲ್ಲದಿದ್ದರೆ ಹಾವಿನ ದಿನ ಮುಂದೆ ಹಾಕಿ. ಹಾವು ಒಳಗೆ ಬಂದಮೇಲೆ ಇದನ್ನೆಲ್ಲ ಸರಿಮಾಡುತ್ತಾ ಕೂತರೆ ಅದಕ್ಕೆ ದಿನವೂ ಭೂಕಂಪ.

8. ಊಟ ಮತ್ತು ವೈದ್ಯರು, ಎರಡೂ ಮುಂಚೆಯೇ

ಇಲಿ ಯಾವ ಗಾತ್ರದ್ದು? ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ, ಹೆಚ್ಚೆಂದರೆ ಒಂದೂವರೆ ಪಟ್ಟು. ಮರಿಗೆ ಪಿಂಕಿ, ಅಂದರೆ ಇನ್ನೂ ಕೂದಲು ಬಾರದ ಇಲಿಮರಿ. ಮರಿ ಹಾವಿಗೆ ಐದರಿಂದ ಏಳು ದಿನಕ್ಕೊಮ್ಮೆ, ಬೆಳೆದದ್ದಕ್ಕೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ. ನಮ್ಮವರಿಗೆ ಬಂದವರಿಗೆಲ್ಲ ಬಡಿಸಿ ರೂಢಿ, ಹಾವಿಗೂ "ಇನ್ನೊಂದು ಹಾಕೋಣ" ಅನಿಸುತ್ತದೆ. ಬೇಡ. ಬೊಜ್ಜು ಬಂದ ಹಾವಿನ ಆಯುಷ್ಯ ಕಡಿಮೆಯಾಗುತ್ತದೆ.

ಹಿಂದಿನ ರಾತ್ರಿ ಇಲಿಯನ್ನು ಜಿಪ್ ಚೀಲದಲ್ಲಿ ಹಾಕಿ, ಮುಚ್ಚಿದ ಡಬ್ಬಿಯಲ್ಲಿಟ್ಟು ಫ್ರಿಜ್‌ನಲ್ಲಿ ಕರಗಲು ಬಿಡಿ. ಊಟದ ಹೊತ್ತಿಗೆ ಚೀಲ ಸಮೇತ ಬಿಸಿನೀರಿನಲ್ಲಿ ಅದ್ದಿ. ಕೈಗೆ ಬೆಚ್ಚಗೆ ತಾಕಬೇಕು, ಸುಡಬಾರದು. ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿ, ಒಳಗೆ ಗಟ್ಟಿಯಾಗಿ ಮಂಜು ಉಳಿದಿದ್ದರೆ ಇನ್ನಷ್ಟು ಹೊತ್ತು ಬಿಡಿ. ಮೈಕ್ರೋವೇವ್ ಬೇಡ, ಒಂದು ಕಡೆ ಬೆಂದು ಒಂದು ಕಡೆ ಹಸಿಯಾಗುತ್ತದೆ, ಒಡೆದೂ ಹೋಗಬಹುದು. ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡಿ, ಕೈಯಲ್ಲಲ್ಲ. ಬದುಕಿರುವ ಇಲಿ ಹಾಕಬೇಡಿ, ಅದು ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ.

ಹೆಪ್ಪುಗಟ್ಟಿಸಿದರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. ಈ ಕೆಲಸದ ಬಟ್ಟಲು, ಇಕ್ಕಳ, ಡಬ್ಬಿ ಎಲ್ಲ ಬೇರೆಯೇ ಇರಲಿ. ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಹಾವು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಮನೆಯ ಎಲ್ಲರಿಗೂ ನಿಯಮ.

ನಾಯಿ ಬೆಕ್ಕು ನೋಡುವ ಎಲ್ಲ ವೈದ್ಯರೂ ಹಾವು ನೋಡುವುದಿಲ್ಲ. ಸರೀಸೃಪ ನೋಡುವವರು ಎಷ್ಟು ದೂರದಲ್ಲಿದ್ದಾರೆ, ಹೊಸಬರನ್ನು ತೆಗೆದುಕೊಳ್ಳುತ್ತಾರಾ ಅಂತ ಫೋನ್ ಮಾಡಿ ಕೇಳಿ ನಂಬರ್ ಇಟ್ಟುಕೊಳ್ಳಿ.

9. ಹಾವು ಆರಿಸುವಾಗ

ಕಾಡಿನಿಂದ ಹಿಡಿದದ್ದಲ್ಲ, ಸಾಕಿದಲ್ಲೇ ಹುಟ್ಟಿದ ಮರಿ ಬೇಕು ಅಂತ ಸ್ಪಷ್ಟವಾಗಿ ಕೇಳಿ. ಯಾವಾಗ ಹುಟ್ಟಿತು, ಎಷ್ಟು ಸಲ ತಿಂದಿದೆ, ಕರಗಿಸಿದ ಇಲಿಯನ್ನೇ ತಿನ್ನುತ್ತಿದೆಯಾ, ಕೊನೆಯ ಪೊರೆ ಯಾವಾಗ ಬಿಟ್ಟಿತು, ಎಲ್ಲಕ್ಕೂ ಬರೆದಿಟ್ಟ ಲೆಕ್ಕ ಇರಬೇಕು. ಕನಿಷ್ಠ ಐದು ಸಲ ತಪ್ಪದೆ ತಿಂದ ಮರಿಯನ್ನೇ ತನ್ನಿ. "ತಿನ್ನುತ್ತೆ ಬಿಡಿ, ಗಟ್ಟಿಮುಟ್ಟಾಗಿದೆ" ಅನ್ನುವ ಉತ್ತರ ಬಂದರೆ ಹಿಂದಿರುಗಿ.

ಕೈಗೆ ತೆಗೆದುಕೊಂಡು ನೋಡಿ. ಮೈ ದುಂಡಗಿರಬೇಕು, ಬೆನ್ನುಮೂಳೆ ಎದ್ದು ಕಾಣಬಾರದು. ನಾಲಿಗೆ ಆಡಿಸುತ್ತಿರಬೇಕು. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಸುಯ್ ಅನ್ನುವ ಸದ್ದು ಇದ್ದರೆ ಶ್ವಾಸಕೋಶದ ಸೋಂಕು ಇರಬಹುದು. ಕಣ್ಣಿನ ಸುತ್ತ, ಗದ್ದದ ಕೆಳಗೆ ಸಾಸಿವೆಗಿಂತ ಸಣ್ಣ ಕರಿಚುಕ್ಕೆ ಓಡಾಡಿದರೆ ಅದು ಮೈಟ್, ಹಾವಿನ ಹೇನು ಅನ್ನಬಹುದು. ಒಂದು ಹಾವಿನಲ್ಲಿ ಕಂಡರೆ ಆ ಅಂಗಡಿಯ ಬೇರೆ ಹಾವೂ ಬೇಡ.

10. ತರುವ ದಿನ ಮತ್ತು ಮೊದಲ ವಾರಗಳು

ಹತ್ತಿಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಗಾಳಿ ತೂತಿರುವ ಡಬ್ಬಿಯಲ್ಲಿ ಇಟ್ಟು ನೇರ ಮನೆಗೆ ಬನ್ನಿ. ದಾರಿಯಲ್ಲಿ ಯಾರ ಮನೆಗೂ ತೋರಿಸಲು ಹೋಗಬೇಡಿ. ಪೆಟ್ಟಿಗೆಯೊಳಗೆ ಚೀಲ ಬಿಚ್ಚಿಟ್ಟು ಬಾಗಿಲು ಹಾಕಿ ಬೀಗ ಹಾಕಿ. ಅಷ್ಟೇ.

ಮೊದಲ ವಾರ ನೀರು ಬದಲಿಸುವುದು ಬಿಟ್ಟು ಕೈ ಹಾಕಬೇಡಿ. ಮಕ್ಕಳಿಗೆ ಇದು ಕಷ್ಟ, ಮುಂಚೆಯೇ ಹೇಳಿ ಒಪ್ಪಿಸಿರಿ. ಹಾವು ದಿನವಿಡೀ ಕಾಣದಿದ್ದರೂ ಗೂಡು ಎತ್ತಿ ನೋಡಬೇಡಿ. ಒಂದು ವಾರ ಕಳೆದ ಮೇಲೆ ಮೊದಲ ಊಟ ಕೊಡಿ, ಮೊದಲು ತಿನ್ನುತ್ತಿದ್ದ ಗಾತ್ರವೇ ಇರಲಿ. ತಿನ್ನದಿದ್ದರೆ ಮರುದಿನವೇ ಮತ್ತೆ ಕೊಡಬೇಡಿ, ಇನ್ನೊಂದು ವಾರ ಬಿಡಿ. ಎರಡು ಮೂರು ಊಟ ಸರಿಯಾಗಿ ಅರಗಿದ ಮೇಲೆ ಕೈಗೆ ತೆಗೆದುಕೊಳ್ಳಲು ಶುರುಮಾಡಿ, ಹತ್ತು ನಿಮಿಷ ಸಾಕು. ಮೇಲಿನಿಂದ ಕೈ ಇಳಿಸಬೇಡಿ, ಹದ್ದು ಬರುವುದು ಮೇಲಿನಿಂದ. ಪಕ್ಕದಿಂದ ಬಂದು ಮೈಯ ನಡುಭಾಗಕ್ಕೆ ಕೈ ಕೊಟ್ಟು ಎತ್ತಿ. ಊಟವಾದ ಮೇಲೆ 48 ಗಂಟೆ ಮುಟ್ಟಬಾರದು, ಕಕ್ಕಿಬಿಡುತ್ತದೆ. ಕಕ್ಕಿದರೆ ಮೊದಲು ಬಿಸಿ ಅಳೆಯಿರಿ, ಹತ್ತು ಹನ್ನೆರಡು ದಿನ ಹೊಟ್ಟೆಗೆ ವಿಶ್ರಾಂತಿ ಕೊಟ್ಟು ಆಮೇಲೆ ಚಿಕ್ಕ ಇಲಿ ಕೊಡಿ. ಎರಡನೇ ಸಲವೂ ಕಕ್ಕಿದರೆ ವೈದ್ಯರ ಹತ್ತಿರ ಹೋಗಿ.

ಸ್ವಲ್ಪ ದಿನಕ್ಕೆ ಕಣ್ಣು ಹಾಲು ಬಿದ್ದ ಹಾಗೆ ನೀಲಿಯಾಗಿ ಮಸುಕಾಗುತ್ತದೆ, ಮೈಬಣ್ಣ ಕಳೆಗುಂದುತ್ತದೆ. ಗಾಬರಿಯಾಗಬೇಡಿ, ಪೊರೆ ಬಿಡುವ ಸಮಯ. ಆಗ ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಮುಟ್ಟಿದರೆ ಬೆದರುತ್ತದೆ. ಒದ್ದೆ ಪಾಚಿಯ ಡಬ್ಬಿ ಒಣಗದ ಹಾಗೆ ನೋಡಿಕೊಳ್ಳಿ. ಪೊರೆ ಬಿಟ್ಟ ಮೇಲೆ ಅದನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿ, ಕಾಲುಚೀಲ ಮಗುಚಿ ತೆಗೆದ ಹಾಗೆ ಬಂದಿರಬೇಕು. ತಲೆಯ ಭಾಗದಲ್ಲಿ ಎರಡು ಪುಟ್ಟ ಪಾರದರ್ಶಕ ಬಟ್ಟಲು ಕಾಣುತ್ತವೆ, ಅವು ಕಣ್ಣಿನ ಮೇಲಿನ ಪೊರೆ. ಅವು ಬಂದಿಲ್ಲ ಅಂದರೆ ಕಣ್ಣಿನ ಮೇಲೇ ಉಳಿದಿವೆ. ಚಿಮುಟದಲ್ಲಿ ಕೀಳಲು ಹೋಗಬೇಡಿ, ಕಣ್ಣೇ ಹೋದೀತು. ತೇವ ಹೆಚ್ಚಿಸಿ ಮುಂದಿನ ಪೊರೆಯವರೆಗೆ ಕಾಯಿರಿ. ಆಗಲೂ ಬಿಡದಿದ್ದರೆ ಬರೆದಿಟ್ಟುಕೊಂಡ ಆ ನಂಬರಿಗೆ ಫೋನ್ ಮಾಡಿ, ಹೋಗುವಾಗ ಬಿಸಿಯ ಲೆಕ್ಕದ ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದೇ ಅದನ್ನು.